ಸೇತುವೆಯ ಕೆಳಗಿನ ಹಳದಿ

ಮಾರ್ಚ್ ಕೊನೆಯ ಭಾನುವಾರ. ಇಸೆ ಕೊಲ್ಲಿಯ ಗಾಳಿ
ಕೈಗವಸಿನೊಳಗೂ ನುಗ್ಗಿ ಬೆರಳೆಣಿಸುತ್ತದೆ.
ನಾವು ಹನ್ನೊಂದು ಜನ, ಎಲ್ಲ ಅರವತ್ತು ದಾಟಿದವರು,
ಹೆದ್ದಾರಿಯ ಅಂಚಿಗೆ ಬಗ್ಗಿ
ಹೂವಿನ ಗಿಡ ಕೀಳುತ್ತಿದ್ದೇವೆ, ಬೇರು ಸಮೇತ.

ಕಾರಿನ ಗಾಜು ಇಳಿಸಿ ಒಬ್ಬಳು ಕೂಗಿದಳು:
ಅಷ್ಟು ಚೆಂದದ ಹೂವು, ಪಾಪ, ಯಾಕಜ್ಜಿ?
ಬಾಯಿ ತೆರೆಯುವಷ್ಟರಲ್ಲಿ ಸಿಗ್ನಲ್ ಹಸಿರಾಯಿತು.

ಚೆಂದವೇ. ಅಲ್ಲವೆಂದವರು ಯಾರು?
ಶಾಲೆಯ ಅಡುಗೆಮನೆಯಲ್ಲಿ ಮೂವತ್ತೆರಡು ವಸಂತ
ಇದರ ಅಕ್ಕತಂಗಿಯರ ಮೊಗ್ಗು ಬೇಯಿಸಿ
ಎಳ್ಳು ಉದುರಿಸಿ ಬಡಿಸಿದವಳು ನಾನು.
ಮಕ್ಕಳು ಕಹಿಯೆಂದು ಮುಖ ಕಿವುಚುತ್ತಿದ್ದವು,
ದೊಡ್ಡವರಾಗಿ ಅದನ್ನೇ ಕೇಳಿಕೊಂಡು ಬಂದವು.

ತೊಕುಜಿ ಮಾತ್ರ ಹುಡುಕುವುದಿಲ್ಲ, ನೇರ ಹೋಗಿ ನಿಲ್ಲುತ್ತಾನೆ.
ಇಲ್ಲಿ, ಸೇತುವೆಯ ಕಬ್ಬಿಣದ ಸಂದು: ಗಾಡಿ ಎಗರುತ್ತದೆ.
ಅಲ್ಲಿ, ಎಡತಿರುವು: ಟಾರ್ಪಾಲಿನ ಮೂಲೆ ಬಾಯಿಬಿಡುತ್ತದೆ.
ಹತ್ತೊಂಬತ್ತು ವರ್ಷ
ಕೆನಡಾದ ಹಡಗಿಳಿದ ಕಾಳನ್ನು ಎಣ್ಣೆಗಿರಣಿಗೆ
ಸಾಗಿಸಿದವನು ಅವನೇ.
ಕನ್ನಡಿಯಲ್ಲಿ ಕಾಣುತ್ತಿತ್ತು ಹಿಂದೆ ಕಪ್ಪು ತುಂತುರು,
ಸಾಸಿವೆಯಷ್ಟು ತಾನೇ ಅಂದುಕೊಂಡೆ, ಅನ್ನುತ್ತಾನೆ
ಚೆಲ್ಲಿದ ಕೈಯಲ್ಲೇ ಬಳಿಯುತ್ತ.

ಎಲೆ ಜಜ್ಜಿ, ನೀರಲ್ಲಿ ಕದಡಿ
ಕಾಗದದ ಪಟ್ಟಿ ಅದ್ದಬೇಕು.
ಒಂದು ಗೆರೆ ಬಂದರೆ ಬರೀ ಗಿಡ.
ಎರಡು ಬಂದರೆ ಕುಲಾಂತರಿ,
ಕಳೆನಾಶಕ ಕುಡಿದೂ ಕಣ್ಣುಮುಚ್ಚದ್ದು.
ಹೆದ್ದಾರಿಯವರು ಹೊಡೆದ ವಿಷಕ್ಕೆ ಹುಲ್ಲೆಲ್ಲ ಸುಟ್ಟು ಕರಕಲು,
ನಡುವೆ ಇದೊಂದು, ಮದುವೆಗೆ ಹೊರಟ ಹಾಗೆ.

ಇಷ್ಟು ದಿನ ಇದು ರಸ್ತೆಯ ಕೂಸು.
ಇವತ್ತು ಸೇತುವೆಯ ಕೆಳಗೆ, ಹೊಳೆದಂಡೆಯಲ್ಲಿ,
ಯಾವ ಲಾರಿಯೂ ಇಳಿಯದ ಕಡೆ
ನಮ್ಮ ಕಾಡುಸಾಸಿವೆಯ ಗುಂಪಲ್ಲಿ ಒಂದು:
ಎಲೆ ಈ ಕಡೆಯವರದು, ಕಾಂಡ ಆ ಕಡೆಯವರದು.
ತೊಕುಜಿ ಬಹಳ ಹೊತ್ತು ನೋಡಿದ.
ಕಿನುಯೆ, ಇದು ನಾನು ಚೆಲ್ಲಿದ್ದಲ್ಲ.

ಪಟ್ಟಿ ಅದ್ದಿದೆವು.
ಮೊದಲ ಗೆರೆ ಬಂತು. ಎರಡನೆಯದು
ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ.
ಬಿಸಿಲಿಗೆ ಹಿಡಿದು, ತಿರುಗಿಸಿ,
ಹನ್ನೊಂದು ಕನ್ನಡಕ ಒಂದಕ್ಕೊಂದು ತಾಗಿದವು.

ಅಷ್ಟರಲ್ಲಿ ಜೇನೊಂದು ಅದರ ಮೇಲೆ ಕೂತು
ಎದ್ದು, ದಂಡೆ ಹತ್ತಿ ಹೋಯಿತು.
ಅಲ್ಲಿಂದ ಇನ್ನೂರು ಹೆಜ್ಜೆಗೆ ನನ್ನ ಹಿತ್ತಲು.
ಅತ್ತೆ ಕೊಟ್ಟ ಬೀಜದ ಸೊಪ್ಪು.
ನಾಲ್ಕು ಸಾಲು ಕೊಯ್ಯದೆ, ಬೀಜಕ್ಕೆಂದೇ,
ಈ ಸಲ ಹೂವಿಗೆ ಬಿಟ್ಟಿದ್ದೇನೆ.