ಮನಿ, ನೂರಾ ಹನ್ನೆರಡು ಕಿಲೋಮೀಟರ್

ಐವತ್ನಾಲ್ಕು ಲಕ್ಷ, ಹೊಸಾದು.
ಇಪ್ಪತ್ತೊಂಬತ್ತು, ನಾಲ್ಕು ವರ್ಷ ಓಡಿದ್ದು.
ಪಂಚಾಂಗದ ಹಿಂದಿನ ಪುಟದಾಗ ಎರಡೂ ಬರದು
ನಡುವ ಗೆರಿ ಎಳದೀನಿ.
ಗೆರಿ ಜರಾ ಸೊಟ್ಟ ಅದ.

ಸೇಡಂ ರೋಡಿನ ಶೋರೂಮಿನೊಳಗ
ಮೇ ತಿಂಗಳಿಗಿ ಪ್ರವೇಶ ಇಲ್ಲ.
ಹೊರಗ ಡಾಂಬರು ಚಪ್ಪಲಿ ಹಿಡಿದು ಜಗ್ಗತದ,
ಒಳಗ ಟೈ ಕಟ್ಟಿದ ಹುಡುಗ ಬಾದಾಮಿ ಹಾಲು ಕೊಟ್ಟು
'ಮ್ಯಾಡಮ್, ಸನ್‌ರೂಫ್ ನೋಡ್ರಿ' ಅಂತಾನ.
ಕಲಬುರಗಿಯಾಗ ಸೂರ್ಯಗ
ಇನ್ನೊಂದು ಕಿಡಕಿ ಯಾರು ತೆಗಿತಾರಪ್ಪ!

ನಮ್ಮವರು ಮಾತಾಡಲಿಲ್ಲ.
ಸೀಟಿನ ಪ್ಲಾಸ್ಟಿಕ್ಕಿನ ಹತ್ತಿರ ಮೂಗು ಒಯ್ದು
ಉಸಿರು ಎಳಕೊಂಡ್ರು,
ಗಂಜಿನಾಗ ವರ್ಷದ ಮೊದಲ ಚೀಲ ಬಿಚ್ಚಿದಾಗ ಎಳಕೊಂಬಂಗ.
ದಾಲ್ ಮಿಲ್ಲಿನ ಧೂಳು ಕುಡಿದು ಇಪ್ಪತ್ತು ವರ್ಷ,
ಆ ವಾಸನಿ ಅವರ ಪಾಲಿಂದು ಅಂತ
ನನಗೂ ಒಂದು ಗಳಿಗಿ ಅನಿಸ್ತು.
'ಹೊಸಾ ತೊಗರಿ ಲಗೂ ಬೇಯ್ತದ' ಅಂದ್ರು ಬರೂ ದಾರ್ಯಾಗ.
'ಔಷಧಕ್ಕ ಹಳೇ ಬೆಲ್ಲಾನೇ ಕೇಳ್ತಾರಲ್ಲ' ಅಂದೆ.
ಆಮ್ಯಾಲ ಮನಿ ತನಕ ಎ.ಸಿ. ಒಂದೇ ಮಾತಾಡ್ತು.

ಹಳೇದು ಬೀದರಿನಿಂದ ಬಂತು,
ಡಾಕ್ಟರು ಖುದ್ದು ಓಡಿಸಿಕೊಂಡು ಬಂದ್ರು.
ಖಯ್ಯೂಮ್ ಭಾಯ್ ಅರ್ಧ ತಾಸು ಕೆಳಗ ಮಲಗಿ
ಎದ್ದು, ಬೆನ್ನಿನ ಮಣ್ಣು ಝಾಡಿಸಿ,
'ಇಂಜನ್ ಸಾಫ್ ಅದ. ಸಸ್ಪೆನ್ಶನ್ನಿಗಿ ಮಾತ್ರ
ನಮ್ಮ ರಸ್ತಾ ಎಲ್ಲಾ ಗೊತ್ತದ' ಅಂದ್ರು.
ಒಂದು ಸಣ್ಣ ಪಾರ್ಟಿಗೂ ಹೈದರಾಬಾದಿಗಿ ಓಡಬೇಕು,
ಅದೂ ಹೇಳಿದ್ರು.

ಹಿಂದಿನ ಸೀಟಿನ ಸಂದ್ಯಾಗ ಕೈ ಹಾಕಿದೆ.
ಒಂದು ಪಿನ್ನು, ಎರಡು ಶೇಂಗಾ ಸಿಪ್ಪಿ,
ಬಣ್ಣ ಹೋದ ಲೂಡೋ ದಾಳ. ಆರು ಮ್ಯಾಲಿತ್ತು.
ಶುಭ ಅಂತ ತಿಳಿಬೇಕೋ,
ಯಾರದೋ ಆಟ ಅರ್ಧಕ್ಕ ನಿಂತದ ಅನಬೇಕೋ.

ಗಾಡಿ ನೋಡೂಕಿನ ಮೊದಲೇ ಅತ್ತಿ ಅಂದಿದ್ರು:
'ಹಳೇ ಭಾಂಡಿಗಿ ಹೊಸಾ ಕಲಾಯಿ.'
ನೆಗೆಣ್ಣಿ ಫೋನಿನಾಗ:
'ಮಂದಿ ಉಟ್ಟು ಬಿಟ್ಟ ಸೀರಿ, ಇಪ್ಪತ್ತೊಂಬತ್ತು ಲಕ್ಷಕ್ಕ?'

ಈಗ ಅತ್ತಿ ಅಂಗಳಕ್ಕ ಬಂದ್ರು,
ಕೋಲಿಲ್ಲದ, ಹಟಕ್ಕ.
ಬಾಗಿಲ ಕೆಳಗ ಒಂದು ಕಬ್ಬಿಣದ ಮೆಟ್ಟಲು.
ಕಂಪನೀದಲ್ಲ, ವೆಲ್ಡಿಂಗಿನ ಗುಳ್ಳಿ ಇನ್ನೂ ಕಾಣ್ತಾವ,
ಕರೀ ಬಣ್ಣ ಕೈಲೆ ಬಳದದ್ದು.
ಅಂಥಾ ಗಾಡಿ ಮೈಗಿ ಅದೊಂದು ತ್ಯಾಪಿ.
'ನಮ್ಮ ತಾಯಿ ಸಲುವಾಗಿ ಮಾಡಿಸಿದ್ದೆ' ಅಂದ್ರು ಡಾಕ್ಟರು.
ಮುಂದ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಶೋರೂಮಿನಾಗ ಮೂರು ಮಂದಿ ಎತ್ತಿ ಕುಂದ್ರಿಸಿದ್ರು ಅತ್ತೀಗಿ.
ಇಳಿದ ಮ್ಯಾಲ ಸೆರಗು ಸರಿ ಮಾಡಿಕೊಂತ
ಎಷ್ಟೋ ಹೊತ್ತು ಯಾರ ಮುಖಾನೂ ನೋಡಿರಲಿಲ್ಲ.
ಇಲ್ಲಿ ಎಡಗಾಲು, ಬಲಗಾಲು,
ಬಳಿ ಒಮ್ಮಿ ಸಪ್ಪಳ ಆತು,
ಒಳಗ ಕುಂತಿದ್ರು.
'ಎ.ಸಿ. ಹಚ್ಚು' ಅಂದ್ರು.

ಚಾವಿ ನನ್ನ ಕೈಗಿ ಬಂತು.
ಸ್ಟಾರ್ಟ್ ಆಗಿದ್ದೇ ತಡ, ಪರದಿ ಮ್ಯಾಲ ಅಕ್ಷರ ಎದ್ದವು:
ಮನಿಗಿ ಹೋಗಬೇಕೇನು? ನೂರಾ ಹನ್ನೆರಡು ಕಿಲೋಮೀಟರ್.
ಡಾಕ್ಟರ ಬೆರಳು ಅಳಸಲಿಕ್ಕಿ ಅಲ್ಲೀ ತನಕ ಹೋಗಿ
ಗಾಳ್ಯಾಗೇ ನಿಂತು ಹೊಳ್ಳಿ ಬಂತು.
'ನೀವೇ ಬದಲಿ ಮಾಡ್ರಿ' ಅಂದ್ರು.

ಚೆಕ್ ಬರದದ್ದು ನಾನು,
ಮುಖ ಗಂಟು ಹಾಕಿಕೊಂಡದ್ದು ಅವರು, ಎರಡು ದಿನ.
ಮೂರನೇ ದಿನ ಒಂದು ಶೀಶಿ ತಂದು
ಕನ್ನಡಿಗಿ ತೂಗು ಹಾಕಿದ್ರು.
ಮ್ಯಾಲ ಬರದಿತ್ತು: ಹೊಸಾ ಕಾರಿನ ಪರಿಮಳ.
ನೂರಾ ಎಂಬತ್ತು ರೂಪಾಯಿ.

ಮನಿ ಇನ್ನೂ ಬದಲಿ ಮಾಡಿಲ್ಲ.
ಸುಪರ್ ಮಾರ್ಕೆಟ್ಟಿಗಿ ಕಾಯಿಪಲ್ಲೆ ತರಲಿಕ್ಕಿ ಹೊಂಟ್ರೂ
ಗಾಡಿ ಕೇಳೇ ಕೇಳ್ತದ, ಮನಿಗಿ ಹೋಗಬೇಕೇನು ಅಂತ.
ಹಿಂದಿನ ಸೀಟಿನಿಂದ ಅತ್ತಿ,
ಶೇಂಗಾ ಸುಲಕೊಂತ:
'ಇವತ್ತ ಬ್ಯಾಡ ಅಂತ ಹೇಳು ಅದಕ್ಕ.'