ಚಕ್ಕುಬಂದಿ

ಕೋಟಿಕುಳದ ಅಂಬಾಡಿ ಹಡಗಿನಿಂದಿಳಿದು ಬಂದ,
ಹನ್ನೆರಡು ಸೆಂಟ್ಸ್ ಜಾಗಕ್ಕೆ ಆಧಾರ ಬರೆಸಲು.
ಕಾಸರಗೋಡಿನ ರಿಜಿಸ್ಟ್ರಾರ್ ಕಚೇರಿಯೆದುರು,
ಝೆರಾಕ್ಸ್ ಅಂಗಡಿಗೂ ಶರಬತ್ತಿನ ಗೂಡಿಗೂ ನಡುವೆ
ನನ್ನ ಮೇಜು. ಕುಂಟುವ ಕಾಲಿಗೆ ಮಡಚಿಟ್ಟ ಬೀಡಿಕಟ್ಟಿನ ಕಾಗದ.

ಹಳೆಯ ಪತ್ರ ಕನ್ನಡದ್ದು. ಮದ್ರಾಸು ಕಾಲದ ಮುದ್ರೆ,
ಜಿರಳೆ ಶಾಯಿ ಕುಡಿದು ಓಡಿದಂಥ ಅಕ್ಷರ.
ಅದನ್ನು ಮಲಯಾಳಕ್ಕೆ ದಾಟಿಸುವುದು ನನ್ನ ಕಸುಬು,
ಪುಟಕ್ಕೆ ಇಷ್ಟೆಂದು. ನಿಟ್ಟುಸಿರಿಗೆ ಬೇರೆ ಚಾರ್ಜಿಲ್ಲ.

ಕಾಯುವ ಹೊತ್ತಿಗೆ ಅವನು ಹೇಳಿದ:
ಬಡಗಣ ಕಡಲಲ್ಲಿ ತಾಲಿನ್ ಅಂತ ಒಂದು ಬಂದರು,
ಹನ್ನೊಂದು ದಿನ ಅಲ್ಲೇ ಸಿಕ್ಕಿಬಿದ್ದೆವು.
ಕಡಲು ಗಟ್ಟಿಯಾಗುವುದನ್ನು ಕಂಡಿದ್ದೀರಾ ಮಾಷೇ?
ತುಪ್ಪ ಹೆಪ್ಪುಗಟ್ಟುತ್ತದಲ್ಲ, ಹಾಗೆ, ಅಂಚಿನಿಂದ.

ಸರಕು ಎಣಿಸಲು ಬರುತ್ತಿದ್ದ ಹೆಂಗಸು, ಹೆಲ್ವಿ,
ಬೆರಳು ಮಡಚಿ ತನ್ನೂರಿನ ಒಡೆಯರನ್ನೂ ಎಣಿಸಿದಳಂತೆ.
ಕೇಳುತ್ತ ಕೇಳುತ್ತ ನಾನು, ಅಭ್ಯಾಸಬಲ,
ಒಂದು ಹಾಳಾದ ಛಾಪಾಕಾಗದದ ಬೆನ್ನಿಗೆ ಬರೆದೆ:

   ಸಾವಿರದ ಮುನ್ನೂರ ನಲ್ವತ್ತಾರನೆಯ ಇಸವಿ.
   ಬರೆದುಕೊಟ್ಟವರು, ಡೆನ್ಮಾರ್ಕಿನ ಅರಸರು.
   ಬರೆಸಿಕೊಂಡವರು, ಕತ್ತಿ ಹಿಡಿದ ಜರ್ಮನ್ ಸನ್ಯಾಸಿಗಳು.
   ಕ್ರಯ ಹತ್ತೊಂಬತ್ತು ಸಾವಿರ ಬೆಳ್ಳಿ ಮಾರ್ಕು, ಮುಟ್ಟಿತು.
   ಸ್ವತ್ತು: ಒಂದು ನಗರ, ಸುತ್ತಲ ನಾಡು,
   ನಿಧಿ ನಿಕ್ಷೇಪ ಜಲ ಪಾಷಾಣ ಸಹಿತ,
   ಹೇಳದೆಯೇ ಸೇರಿದ ಜನ ಸಹಿತ.
   ಸಾಕ್ಷಿಗಳು:

ಅದು ಡೇನರಿಗೆ ಹೇಗೆ ಬಂತು ಎಂದು ಕೇಳಿದೆ.
ಮೂಲಪತ್ರ ಕೇಳದೆ ನಾವು ಪೆನ್ನೆತ್ತುವುದಿಲ್ಲ.
ಯುದ್ಧ ಸೋಲುವ ಹೊತ್ತಿಗೆ ಆಕಾಶದಿಂದ ಬಾವುಟ ಬಿತ್ತಂತೆ,
ಕೆಂಪಿನ ಮೇಲೆ ಬಿಳಿ ಶಿಲುಬೆ.
ಬಿದ್ದದ್ದು ಇವರ ನೆಲಕ್ಕೆ, ಆದದ್ದು ಅವರ ಬಾವುಟ.
ಯಾವ ರಿಜಿಸ್ಟ್ರಾರೂ ಒಪ್ಪಲಾರ.

ಆಮೇಲೆ ಸ್ವೀಡನ್ನು. ಆಮೇಲೆ ಜಾರರ ಇನ್ನೂರು ವರ್ಷ.
ಹದಿನೆಂಟರ ಫೆಬ್ರವರಿಯಲ್ಲಿ ಎಸ್ಟೋನಿಯ ಎಂದು
ತನ್ನದೇ ಹೆಸರಿಗೆ ಖಾತೆ. ಇಪ್ಪತ್ತೆರಡು ವರ್ಷ, ಅಷ್ಟೆ.
ಬಳಿಕ ಕೆಂಪು ಸೈನ್ಯ, ನಾಜಿಗಳು, ಮತ್ತೆ ಕೆಂಪು.
ಹೆಲ್ವಿಯ ಅಜ್ಜಿ ಹುಟ್ಟಿದ್ದು ರೇವಲ್‌ನಲ್ಲಿ, ಸತ್ತದ್ದು ತಾಲಿನ್ನಿನಲ್ಲಿ,
ಬೀದಿ ಅದೇ, ಮೆಟ್ಟಿಲ ಸವೆತ ಅದೇ.
ತಾಲಿನ್ ಅಂದರೆ ಡೇನರ ಪೇಟೆ ಎನ್ನುತ್ತಾರಂತೆ:
ಬಿಡಿಸಿಕೊಂಡ ಮನೆಗೂ ಕಿತ್ತುಕೊಂಡವನ ಹೆಸರು.

ನಾನು ನಗಲಿಲ್ಲ. ಐವತ್ತಾರರ ನಂತರ
ನಮ್ಮ ಮಂಜೇಶ್ವರದ ಬಾಲಕ್ಕೂ ಒಂದು ಸೊನ್ನೆ ಅಂಟಿತು.
ಎರಡು ಲಿಪಿಯಲ್ಲೂ ಸೊನ್ನೆ ಒಂದೇ ದುಂಡು,
ಬೆಲೆ ಬೇರೆ.
ಅಂಬಾಡಿಯೆದುರು ಇದನ್ನು ಹೇಗೆ ಆಡಲಿ?
ಆ ಸೊನ್ನೆಯಲ್ಲೇ ಅವನ ತಾಯಿ ಅವನನ್ನು ಕರೆದದ್ದು.
ನಮ್ಮಲ್ಲಿಗೆ ಸೈನ್ಯ ಬಂದದ್ದೂ ಇಲ್ಲ, ಒಂದು ಗೆಜೆಟ್ ಬಂತು.
ಹೋಲಿಕೆ ಹಳೆಯ ಪತ್ರದ ಹಾಗೆ,
ಮಡಿಕೆಯಲ್ಲೇ ಹರಿಯುತ್ತದೆ, ಎಳೆಯಬಾರದು.

ಎಂಬತ್ತೊಂಬತ್ತರ ಆಗಸ್ಟು. ಮೂರು ನಾಡಿನುದ್ದ ಜನ
ಕೈಗೆ ಕೈ ಕೊಟ್ಟು ನಿಂತರು, ಕಾಲು ಗಂಟೆ.
ಹೆಲ್ವಿಯ ಎಡಗೈಯಲ್ಲಿ ಯಾರೋ ಗುರುತಿಲ್ಲದವನು,
ಅಂಗೈಗೆ ಪ್ಲಮ್ ಹಣ್ಣಿನ ಅಂಟು.
ಬಲಗೈಯಲ್ಲಿ ಅತ್ತೆ, ನಾಲ್ಕು ವರ್ಷದಿಂದ ಮಾತು ಬಿಟ್ಟವಳು.
ಬಿಡುವ ಹಾಗಿರಲಿಲ್ಲ, ದೇಶ ಕಡಿದುಹೋಗುತ್ತಿತ್ತು ಎಂದು ನಕ್ಕಳಂತೆ.
ಮೂವತ್ತೊಂದು ವರ್ಷ ಮೇರೆ ಬರೆದಿದ್ದೇನೆ,
ಇಂಥದ್ದು ಬರೆದಿಲ್ಲ:
ಮೂಡಲಿಗೆ ಗುರುತಿಲ್ಲದವನು, ಪಡುವಲಿಗೆ ಅತ್ತೆ.

ಆ ಊರ ಮೇಲಣ ಕೆರೆಯಲ್ಲಿ ಒಬ್ಬ ಮುದುಕ.
ವರ್ಷಕ್ಕೊಂದು ರಾತ್ರಿ ಕೋಟೆಬಾಗಿಲಿಗೆ ಬಂದು
ಊರು ಕಟ್ಟಿ ಮುಗಿಯಿತೇ ಎಂದು ಕೇಳುತ್ತಾನಂತೆ.
ಮುಗಿಯಿತು ಎಂದರೆ ಕೆರೆ ಒಡೆದು ಮುಳುಗಿಸುತ್ತಾನೆ.
ಕಾವಲಿನವನಿಗೆ ಅದಕ್ಕೇ ಸಂಬಳ.

ಪಡುವಲ ಮೇರೆ ಉಳಿದಿತ್ತು.
ಹಳೆಯ ಪತ್ರದಲ್ಲಿ ‘ಕಡಲು’ ಎಂದಿತ್ತು,
ನಾನು ‘ಕಡಲ್’ ಎಂದು ಬರೆದೆ.
ಒಂದು ಉಕಾರ ಉದುರಿತು, ಸದ್ದಾಗಲಿಲ್ಲ.
ಅಂಬಾಡಿ ಹೆಬ್ಬೆರಳಿನ ಶಾಯಿ ತಲೆಗೆ ಒರೆಸಿಕೊಂಡ.
ಕಿಟಕಿಯಾಚೆಯಿಂದ ಗುಮಾಸ್ತೆ ಕೂಗಿದಳು:
ಮಾಷೇ, ಆಧಾರಂ ಕಳಿಞ್ಞೋ?

‘ಇಲ್ಲ’ ಎಂದೆ.
ಯಾವ ಭಾಷೆಯಲ್ಲಿ ಹೇಳಿದೆನೋ,
ಎರಡಕ್ಕೂ ಅದು ಒಂದೇ ಮಾತು.