ಸುಗಂಧಾ ಕೇಳಿದ ಹನ್ನೊಂದು ಪ್ರಶ್ನೆ

ನಿನ್ನ ಚೀಟಿ ಸಿಕ್ಕಿತು ಸುಗಂಧಾ,
ಆಯಿಯ ಮೀನುಬುಟ್ಟಿಯಲ್ಲಿ, ತಕ್ಕಡಿಯ ಕೆಳಗೆ.
ಮೂರನೇ ಪ್ರಶ್ನೆ ಬಂಗಡೆಯ ನೀರಿಗೆ ಕಲಸಿಹೋಗಿದೆ.
ಉಳಿದ ಹತ್ತಕ್ಕೆ, ನೆನಪಾದ ಹಾಗೆ, ಉತ್ತರ.

ವಯಸ್ಸು ಅಡ್ಡಿಯಲ್ಲ. ಮೂವತ್ತೊಂದಕ್ಕೂ ನೀಟ್ ಬರೆಯಬಹುದು,
ನಾನು ದಾಟಿದ್ದು ಇಪ್ಪತ್ತೊಂಬತ್ತಕ್ಕೆ, ಮೂರನೇ ಸಲ.
ಪಿಯುಸಿಯಲ್ಲಿ ಜೀವಶಾಸ್ತ್ರ ಇತ್ತೇ, ಮೊದಲು ಅದನ್ನು ನೋಡು.
ನಮ್ಮ ಡಿಗ್ರಿಗೆ ಇಲ್ಲಿ ಒಂದು ದಿನದ ರಿಯಾಯಿತಿಯೂ ಇಲ್ಲ.
ನಾಲ್ಕೂವರೆ ವರ್ಷ, ಮೇಲೊಂದು ವರ್ಷ ಇಂಟರ್ನ್‌ಶಿಪ್,
ಹದಿನೆಂಟರವರಿಗೆ ಎಷ್ಟೋ ನಮಗೂ ಅಷ್ಟೇ.
ನನ್ನ ಬಿ.ಎಸ್ಸಿ. ಪದವಿಪತ್ರಕ್ಕೆ ಆಯಿ ಕಟ್ಟು ಹಾಕಿಸಿ
ಗೋಡೆಗೆ ಮೊಳೆ ಹೊಡೆದಿದ್ದಾಳೆ.
ಅಲ್ಲೇ ಇರಲಿ.

ಏಳು ವರ್ಷದ ವ್ಯಾಸಂಗ ಪ್ರಮಾಣಪತ್ರಕ್ಕೆ
ಮಾಜಾಳಿ ಶಾಲೆಗೆ ಬೆಳಿಗ್ಗೆಯೇ ಹೋಗು,
ಮಧ್ಯಾಹ್ನ ಮಾಸ್ತರರು ಬಿಸಿಯೂಟದ ಲೆಕ್ಕದಲ್ಲಿರುತ್ತಾರೆ.
ಹೆಸರು ಎಲ್ಲ ಕಾಗದದಲ್ಲೂ ಒಂದೇ ಥರ ಇರಬೇಕು.
ನಾನು ಒಂದರಲ್ಲಿ ಹರಿಕಂತ್ರ, ಇನ್ನೊಂದರಲ್ಲಿ ಹರಿಕಾಂತ.
ಆ ಒಂದು ದೀರ್ಘ, ಒಂದು ಒತ್ತಕ್ಷರಕ್ಕೆ
ತಹಶೀಲ್ದಾರರ ಕಚೇರಿಗೆ ನಾಲ್ಕು ಸಲ ಬಸ್ಸು ಹತ್ತಿದೆ.
ನಡುವಿನ ವರ್ಷಗಳಿಗೆ ಛಾಪಾ ಕಾಗದದಲ್ಲಿ ಅಫಿಡವಿಟ್ ಕೇಳುತ್ತಾರೆ.
ಸಿಗಡಿ ಕಂಪನಿಯ ನನ್ನ ಏಳು ವರ್ಷಕ್ಕೆ
ನೋಟರಿ ‘ಮನೆಯಲ್ಲಿ ಖಾಲಿ ಇದ್ದೆನು’ ಎಂದು ಟೈಪ್ ಮಾಡಿಸಿದ್ದ.
ತಿದ್ದಿಸಿದೆ. ನೀನೂ ತಿದ್ದಿಸು.

ಫೀಸಿನ ಅಂಕಿ ಬರೆಯುವುದಿಲ್ಲ, ವರ್ಷಕ್ಕೊಮ್ಮೆ ಬದಲಾಗುತ್ತದೆ.
ಬ್ಯಾಂಕಿನವರು ಜಾಮೀನು ಕೇಳುವಾಗ
ನಿನ್ನ ಬೆನ್ನ ಹಿಂದೆ ಯಾರನ್ನೋ ಹುಡುಕುತ್ತಾರೆ,
ಅಪ್ಪನನ್ನೋ, ಗಂಡನನ್ನೋ.
ನನ್ನ ಹಿಂದೆ ಬರೀ ಕ್ಯಾಲೆಂಡರ್ ಇತ್ತು.
ಪುಸ್ತಕ ಹೊಸತು ಬೇಡ. ಮೂಳೆಯ ಪೆಟ್ಟಿಗೆ
ಸೀನಿಯರ್‌ಗಳಿಂದ ಅರ್ಧ ಬೆಲೆಗೆ ಸಿಗುತ್ತದೆ, ಎಣಿಸಿ ತಗೋ,
ನನ್ನದರಲ್ಲಿ ಮಣಿಕಟ್ಟಿನದೊಂದು ಕಮ್ಮಿ.
ಏಪ್ರನ್ ಎರಡು ಹೊಲಿಸು. ಒಂದರ ವಾಸನೆ ಎಂದಿಗೂ ಹೋಗದು,
ನಮ್ಮ ಮನೆಗಳಲ್ಲಿ ಅದು ಯಾರಿಗೂ ಗೊತ್ತಾಗದು, ಅದು ಬೇರೆ.

ರೂಮಿನವಳು ಶಿಫಾ, ಬೀದರಿನವಳು. ಅಕ್ಕ ಎನ್ನುತ್ತಾಳೆ,
ಸಿಟ್ಟು ಬಂದಾಗ ಆಂಟಿ.
ರಾತ್ರಿ ಎರಡರವರೆಗೆ ಅವಳು ಓದುತ್ತಾಳೆ, ನನಗೆ ಹನ್ನೊಂದಕ್ಕೇ ಕಣ್ಣು ಕೂರುತ್ತದೆ.
ನಾಲ್ಕಕ್ಕೆ ಏಳುತ್ತೇನೆ, ಬೈತಖೋಲದ ಬೋಟುಗಳ ಹೊತ್ತಿಗೆ.
ಬಯೋಕೆಮಿಸ್ಟ್ರಿಯಲ್ಲಿ ಎರಡು ಅಂಕಕ್ಕೆ ಫೇಲಾದೆ,
ಕೆಮಿಸ್ಟ್ರಿ ಪದವೀಧರೆ! ಮನೆಯಲ್ಲಿ ಹೇಳಿಲ್ಲ,
ನೀನೂ ಹೇಳಬೇಡ.

ಕತ್ತಿ ಹಿಡಿಯಲು ಹೆದರಿಕೆಯೇ, ಎಂದಿದ್ದೀ.
ನಮ್ಮ ಕೈಗೆ ಸ್ಕಾಲ್ಪೆಲ್ ತೀರಾ ಹಗುರ.
ಟೇಬಲ್ಲಿನ ಮಕ್ಕಳು ನಡುಗುತ್ತಿರುವಾಗ
ಬೊಂಡಾಸ್ ಸುಲಿದ ಹಾಗೆ ಚರ್ಮ ಬಿಡಿಸಿದೆ,
ಕೆಳಗಿನ ಪೊರೆ ಎಲ್ಲೂ ಹರಿಯದಂತೆ.
ಮೇಡಂ ಮೆಚ್ಚಿದರು. ಸಂಜೆಯವರೆಗೂ ಅದೇ ಜಂಬ.

ಮರುದಿನ ಅಂಗೈ.
ತೋರುಬೆರಳಿನ ಬದಿಯಲ್ಲಿ ಜಡ್ಡು,
ಅದರ ನಡುವೆ ನೈಲಾನ್ ದಾರ ಎಳೆದೆಳೆದು ಬಿದ್ದ ಗೀರು.
ಬಲೆ ಹೆಣೆಯುವವರಿಗೆ ಆಗುತ್ತದಲ್ಲ,
ನಿನ್ನ ಅಜ್ಜನಿಗಿತ್ತಲ್ಲ, ಅದು.
ಪುಸ್ತಕದಲ್ಲಿ ಅದಕ್ಕೆ ಹೆಸರಿಲ್ಲ.
ಯಾರಿಗೂ ಹೇಳಲಿಲ್ಲ. ಕತ್ತಿಯನ್ನು ಶಿಫಾಳಿಗೆ ಕೊಟ್ಟು
ಆ ದಿನವೆಲ್ಲ ಲೈಟು ಹಿಡಿದು ನಿಂತೆ.
ಇದಕ್ಕೆ ತಯಾರಿ ಹೇಗೆಂದು ಗೊತ್ತಿದ್ದರೆ ಬರೆಯುತ್ತಿದ್ದೆ.

ವಾರ್ಡಿನಲ್ಲಿ ನಗು ಬರುತ್ತದೆ.
ನಿಜವಾದ ಡಾಕ್ಟರು, ಇಪ್ಪತ್ತಾರರ ಹುಡುಗ, ಪಕ್ಕದಲ್ಲೇ ಇದ್ದರೂ
ದೇವಬಾಗದ ಮುದುಕಿ ನನ್ನ ಕೈ ಹಿಡಿದು
ಕೊಂಕಣಿಯಲ್ಲಿ ಮಂಡಿನೋವು ಹೇಳುತ್ತಾಳೆ.
ನನ್ನ ಎರಡು ನರೆಗೂದಲಿನ ಮೇಲೆ ಅವಳಿಗೆ ಅಷ್ಟು ನಂಬಿಕೆ.
ನನಗೆ ಗೊತ್ತಿಲ್ಲ ಅಜ್ಜೀ, ಇನ್ನೂ ಕಲಿಯುತ್ತಿದ್ದೇನೆ ಎಂದೆ.
ಸರಿ, ಕಲಿ, ಎಂದು ಇನ್ನೊಂದು ಮಂಡಿಯನ್ನೂ ತೋರಿಸಿದಳು.

ಮದುವೆಯ ಪ್ರಶ್ನೆಗೆ ಉತ್ತರ ಇಲ್ಲ. ಮುಗಿಸುವಾಗ ಎಷ್ಟು ವಯಸ್ಸು ಎಂದು
ಊರೆಲ್ಲ ಎಣಿಸುತ್ತದೆ, ಎಣಿಸಲಿ.
ಓದದಿದ್ದರೂ ಆ ವಯಸ್ಸು ಬಂದೇ ಬರುತ್ತಿತ್ತು, ಎಂದು ಆಯಿ
ಬಂಗಡೆಯ ಗಿರಾಕಿಗಳಿಗೆ ಹೇಳಿ ಹೇಳಿ
ಈಗ ಅದನ್ನು ತಾನೇ ನಂಬತೊಡಗಿದ್ದಾಳೆ.

ಮುಗಿದ ಮೇಲೆ ಹಳ್ಳಿ ಸೇವೆ ಎಷ್ಟೆಂದು ನಿಯಮ ಕೇಳಿ ತಿಳಿ.
ಕನ್ನಡಕದ ನಂಬರ್ ಈಗಲೇ ತೆಗೆಸು.
ಸೊಳ್ಳೆಪರದೆ ತಾ.

ಆ ಮೂರನೆಯದು ಏನಿತ್ತು?
ಇನ್ನೊಮ್ಮೆ ಬರೆ. ಪೆನ್ಸಿಲ್ಲಿನಲ್ಲಿ ಬರೆ,
ನೀರಿಗೆ ಅಳಿಯುವುದಿಲ್ಲ.